ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿದರೆ ಟ್ರ್ಯಾಕ್ ಸಾ ಆಗುತ್ತದೆಯೇ?

‘ದುಬಾರಿ ಟ್ರ್ಯಾಕ್ ಸಾ ಏಕೆ? ನಾಲ್ಕು ಇಂಚಿನ ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ, ಅಲ್ಯೂಮಿನಿಯಂ ಪಟ್ಟಿ ಒತ್ತಿಟ್ಟು ಎಳೆದರೆ ಸಾಕು’ ಎನ್ನುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಹೆಬ್ಬಗೋಡಿ, ಬೊಮ್ಮಸಂದ್ರ ಸುತ್ತಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ವಾರ್ಡ್‌ರೋಬ್, ಅಡುಗೆಮನೆ ಕಬೋರ್ಡ್‌ಗೆ ಪ್ಲೈವುಡ್ ಹೀಗೆ ಕತ್ತರಿಸುವುದು ಸಾಮಾನ್ಯ. ಗೆರೆ ನೇರವಾಗಿಯೇ ಬರಬಹುದು. ಆದರೆ ಬೆರಳಿಗೆ ಇದು ದೊಡ್ಡ ಅಪಾಯ.

ವ್ಯತ್ಯಾಸವೇನು?

ಕಲ್ಲು ಕತ್ತರಿಸುವ ಡೈಮಂಡ್ ಬ್ಲೇಡ್‌ಗೆ ಗರಗಸದಂಥ ಹಲ್ಲುಗಳಿಲ್ಲ. ಅದು ಕಲ್ಲನ್ನು ತೇಯುತ್ತದೆ. ಅದಕ್ಕಾಗಿಯೇ ಮಾಡಿದ ಮಾರ್ಬಲ್ ಕಟರ್ ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ. ಬ್ಲೇಡಿನ ಕೆಳಭಾಗ ತೆರೆದೇ ಇರುತ್ತದೆ. ಟ್ರ್ಯಾಕ್ ಸಾ ವೇಗ ಸಾಮಾನ್ಯವಾಗಿ 5,000 ಸುತ್ತಿನ ಆಸುಪಾಸು. ಕೈಯಿಂದ ಒತ್ತಿದಾಗ ಮಾತ್ರ ಅದರ ಬ್ಲೇಡ್ ಕೆಳಗಿಳಿಯುತ್ತದೆ. ಬಿಟ್ಟರೆ ಕವಚದೊಳಗೆ ಸೇರುತ್ತದೆ.

ಯಂತ್ರ ಹಿಂದಕ್ಕೆ ಹಾರುವುದೇಕೆ?

ಕತ್ತರಿಸುವಾಗ ಹಲಗೆ ಬಾಗಿದರೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಹಲ್ಲು ಸಿಕ್ಕಿಕೊಂಡ ಕ್ಷಣವೇ ಯಂತ್ರ ಕೆಲಸಗಾರನ ಕಡೆಗೆ ಚಿಮ್ಮುತ್ತದೆ. ಇದನ್ನು ಕಿಕ್‌ಬ್ಯಾಕ್ ಎನ್ನುತ್ತಾರೆ. ಹಲವು ಟ್ರ್ಯಾಕ್ ಸಾಗಳಲ್ಲಿ ಬ್ಲೇಡ್ ಹಿಂದೆ ತೆಳುವಾದ ಉಕ್ಕಿನ ತಟ್ಟೆಯಿದ್ದು, ಸೀಳು ಮುಚ್ಚದಂತೆ ತಡೆಯುತ್ತದೆ. ಮಾರ್ಬಲ್ ಕಟರ್‌ನಲ್ಲಿ ಇದಿಲ್ಲ.

ಕೊಳ್ಳುವಾಗ ಏನು ನೋಡಬೇಕು?

• ಆ ಉಕ್ಕಿನ ತಟ್ಟೆ, ವ್ಯಾಕ್ಯೂಮ್ ಪೈಪ್ ಜೋಡಿಸುವ ಬಾಯಿ ಇವೆಯೇ?
• ಎಂಟು ಅಡಿ ಎಂದರೆ 2.44 ಮೀಟರ್. 1.4 ಮೀಟರಿನ ಎರಡು ಹಳಿ ಜೋಡಿಸಿದರೆ ಪೂರ್ತಿ ಶೀಟು ಒಂದೇ ಎಳೆತಕ್ಕೆ ಸಿಗುತ್ತದೆ.
• ಬ್ಲೇಡ್ ಮೇಲೆ ಮುದ್ರಿಸಿದ ಗರಿಷ್ಠ ಆರ್‌ಪಿಎಂ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು.

ಬಜೆಟ್ ಸಾಲದಿದ್ದರೆ, ತಾನಾಗಿಯೇ ಮುಚ್ಚಿಕೊಳ್ಳುವ ಕವಚವಿರುವ ಸರ್ಕ್ಯುಲರ್ ಸಾ ಮತ್ತು ಕ್ಲ್ಯಾಂಪ್ ಹಾಕಿದ ನೇರ ಪಟ್ಟಿ ಸಾಕು.

ಬಳಸುವಾಗ?

ಶೀಟಿನ ಕೆಳಗೆ ಪೂರ್ತಿ ಥರ್ಮಾಕೋಲ್ ಹಾಸಿ. ಎರಡೂ ತುಂಡುಗಳಿಗೆ ಆಧಾರ ಸಿಗುತ್ತದೆ. ಬ್ಲೇಡ್ ಹಲಗೆಯಿಂದ 3–5 ಮಿಲಿಮೀಟರ್ ಮಾತ್ರ ಕೆಳಗಿಳಿಯಲಿ. ಯಂತ್ರದ ನೇರ ಹಿಂದೆ ನಿಲ್ಲಬೇಡಿ. ಬ್ಲೇಡ್ ಬದಲಿಸುವ ಮೊದಲು ಪ್ಲಗ್ ತೆಗೆಯಿರಿ. ಕನ್ನಡಕ, ಎನ್95 ಮಾಸ್ಕ್ ಹಾಕಿ: ಮರದ ಹುಡಿ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ.

ಬೆರಳು ತುಂಡಾದರೆ?

108ಕ್ಕೆ ಕರೆ ಮಾಡಿ. ಗಾಯವನ್ನು ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ತುಂಡಾದ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಮೇಲಿಡಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು, ಅಂಗಾಂಶ ಹಾಳಾಗುತ್ತದೆ.

ತೀರ್ಮಾನ: ಮಾರ್ಬಲ್ ಕಟರ್ ಕಲ್ಲು, ಟೈಲ್ಸ್‌ಗೆ ಮಾತ್ರ. ಮರದ ಬ್ಲೇಡ್ ಹಾಕಿದ ಮಾತ್ರಕ್ಕೆ ಅದು ಟ್ರ್ಯಾಕ್ ಸಾ ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಮರಗೆಲಸ ನಡೆಯುತ್ತಿದ್ದರೆ ಬಡಗಿಯವರಿಗೂ ಇದನ್ನು ತಿಳಿಸಿ.