ಒಂದೇ ಕುದುರೆ, ಎರಡು ಜೀನು

ಕುದುರೆ ಎಂದ ಕೂಡಲೇ ಮುಂಬಯಿಯವರಾದ ನಿಮಗೆ ಮಹಾಲಕ್ಷ್ಮಿಯ ರೇಸೋ, ಮಾಥೇರಾನಿನಲ್ಲಿ ಮಕ್ಕಳನ್ನು ಹತ್ತಿಸಿ ಫೋಟೋ ತೆಗೆಸಿದ್ದೋ ನೆನಪಾಗಬಹುದು. ನನ್ನ ಜ್ಞಾನವೂ ಅಷ್ಟೇ ಇತ್ತು. 2023ರ ಬೇಸಿಗೆಯಲ್ಲಿ ಅಮೆರಿಕದ ಒಹಾಯೋದಲ್ಲಿರುವ ಅಕ್ಕನ ಮಗನ ಮನೆಗೆ ಹೋದಾಗ ಅವನ ಹದಿನಾಲ್ಕು ವರ್ಷದ ಮಗಳು, "ಚಿಕ್ಕಜ್ಜಿ, ಭಾನುವಾರ ನನ್ನ ಹಾರ್ಸ್ ಶೋ ಇದೆ, ನೀವು ಬರಲೇಬೇಕು" ಎಂದಳು. ರೇಸಿಗೆ ಹೋಗುವುದು ನಮ್ಮ ಮನೆತನದಲ್ಲೇ ಇಲ್ಲವಲ್ಲ ಎಂದು ಒಳಗೊಳಗೇ ಅಳುಕಿದೆ!

ಅದು ರೇಸಲ್ಲ. ಯಾರು ಮುಂದೆ ಓಡಿದರು ಎಂಬ ಪ್ರಶ್ನೆಯೇ ಇಲ್ಲ. ಕುದುರೆ ಎಷ್ಟು ಹದವಾಗಿ ನಡೆಯುತ್ತದೆ, ಸವಾರರ ಮಾತು ಎಷ್ಟು ಕೇಳುತ್ತದೆ ಎಂದು ತೀರ್ಪುಗಾರರು ನೋಡುತ್ತಾರೆ. ಅವಳದು 'ಕ್ವಾರ್ಟರ್ ಹಾರ್ಸ್' ತಳಿ. ಕಾಲು ಮೈಲಿಯ ಓಟದಲ್ಲಿ ಮಿಂಚುತ್ತಿದ್ದುದರಿಂದ ಆ ಹೆಸರು. 1940ರಲ್ಲಿ ಟೆಕ್ಸಸ್ಸಿನಲ್ಲಿ ಈ ತಳಿಗೆಂದೇ ಒಂದು ಸಂಘ ಹುಟ್ಟಿತು. 1967ರಲ್ಲಿ ಕೊಲಂಬಸ್ಸಿನಲ್ಲಿ ಆರಂಭವಾದ 'ಕಾಂಗ್ರೆಸ್' (ನಮ್ಮ ಕಾಂಗ್ರೆಸ್ಸಲ್ಲ!) ಇವರಿಗೆಲ್ಲ ಕಾಶಿಯಾತ್ರೆ ಇದ್ದಂತೆ.

ವಿಶೇಷವೆಂದರೆ, ಅದೇ ಕುದುರೆ ಬೆಳಿಗ್ಗೆ ಇಂಗ್ಲಿಷ್, ಮಧ್ಯಾಹ್ನ ವೆಸ್ಟರ್ನ್. ಇಂಗ್ಲಿಷ್ ಪದ್ಧತಿಯ ಹಿಂದೆ ನರಿಬೇಟೆಯ ದೊರೆಗಳಿದ್ದಾರೆ. ಚಪ್ಪಟೆಯಾದ ಹಗುರ ಜೀನು, ಎರಡೂ ಕೈಯಲ್ಲಿ ಲಗಾಮು, ಕುದುರೆಯದು ಉದ್ದುದ್ದ ಹೆಜ್ಜೆ. ಟ್ರಾಟ್ ಎಂಬ ಓಟದಲ್ಲಿ ಹೆಜ್ಜೆಯ ತಾಳಕ್ಕೆ ಸರಿಯಾಗಿ ಎದ್ದು ಕೂರಬೇಕು. ವೆಸ್ಟರ್ನ್ ದನ ಕಾಯುವವರದು. ಮೆಕ್ಸಿಕೋದ ಗೋಪಾಲಕರಿಂದ ಕಲಿತದ್ದು. ಜೀನಿನ ಮುಂಭಾಗದಲ್ಲಿ ಕೊಂಬಿನಂಥ ಗೂಟ; ಹಗ್ಗ ಎಸೆದು ಹಿಡಿದ ದನವನ್ನು ಅದಕ್ಕೇ ಬಿಗಿಯುವುದು. ಹಗ್ಗಕ್ಕೆ ಒಂದು ಕೈ ಬೇಕಲ್ಲ, ಹಾಗಾಗಿ ಲಗಾಮು ಒಂದೇ ಕೈಯಲ್ಲಿ. ಸಡಿಲ ಲಗಾಮು ಕುತ್ತಿಗೆಗೆ ತಾಗಿದರೆ ಸಾಕು, ಕುದುರೆ ತಿರುಗಬೇಕು. ಆ ಜೀನು ಸುಮಾರು 15 ಕಿಲೋ ಭಾರ! ಊಟದ ತಟ್ಟೆಯನ್ನೂ ಎತ್ತದ ಹುಡುಗಿಯೆಂದು ಆಡಿಕೊಂಡಿದ್ದ ನಾನು, ಅವಳು ಅದನ್ನು ಕುದುರೆಯ ಬೆನ್ನಿಗೇರಿಸಿದ್ದು ಕಂಡು ತೆಪ್ಪಗಾದೆ.

"ಗೊಂದಲ ಆಗೋದಿಲ್ವೇನೇ ಪಾಪ, ಅದಕ್ಕೆ?" ಎಂದೆ.

"ನಾನು ಮನೇಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್ ಮಾತಾಡಲ್ವಾ? ಅವನೂ ಹಾಗೇ."

ಬಿ.ಎ.ಯಲ್ಲಿ ಇಂಗ್ಲಿಷ್ ಓದಿಯೂ ಅಂಗಡಿಯಲ್ಲಿ ತಡವರಿಸುವ ನಾನು ಏನು ಹೇಳಲಿ?

ಬೆಳಿಗ್ಗೆ ಮೂರನೆಯ ಸ್ಥಾನ, ಹಳದಿ ರಿಬ್ಬನ್ ಬಂತು. ಎರಡೂ ಪದ್ಧತಿಗಳ ಅಂಕ ಕೂಡಿಸಿ ಕೊಡುವ 'ಆಲ್ ಅರೌಂಡ್' ಬಹುಮಾನದ ಮೇಲೆ ಅವಳ ಕಣ್ಣು. ಮಧ್ಯಾಹ್ನ ಕೋಟು, ಹೆಲ್ಮೆಟ್ಟು ಕಳಚಿ, ದೊಡ್ಡ ಅಂಚಿನ ಟೋಪಿ ಧರಿಸಿ ಕುದುರೆಯನ್ನು ಎರಡು ಸುತ್ತು ನಡೆಸಿದವಳು ಥಟ್ಟನೆ ಇಳಿದುಬಿಟ್ಟಳು. ಮುಂಗಾಲೆತ್ತಿ ಗೊರಸು ನೋಡಿದಳು.

"ಕುಂಟ್ತಾ ಇದಾನೆ, ಚಿಕ್ಕಜ್ಜಿ."

ನನಗೇನೂ ಕಾಣಲಿಲ್ಲ. ಅವಳಪ್ಪನಿಗೂ ಕಾಣಲಿಲ್ಲ. "ಐದು ನಿಮಿಷದ್ದಲ್ಲವೇನೇ, ಹೋಗಿ ಬಾ" ಎಂದವಳು ನಾನೇ. ಅಷ್ಟು ದೂರದಿಂದ ಬಂದಿದ್ದೆನಲ್ಲ! "ಮೇಲೆ ಕೂತ್ರೆ ಗೊತ್ತಾಗುತ್ತೆ" ಎಂದಷ್ಟೇ ಹೇಳಿ, ಕಚೇರಿಗೆ ಹೋಗಿ ಹೆಸರು ತೆಗೆಸಿ ಬಂದಳು. ಟೋಪಿಯನ್ನು ನನ್ನ ಕೈಗಿತ್ತು ಆ ಕಾಲಿಗೆ ಪೈಪಿನಿಂದ ತಣ್ಣೀರು ಬಿಡುತ್ತ ಬಹಳ ಹೊತ್ತು ನಿಂತಳು. ಮಧ್ಯೆ ಮಧ್ಯೆ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಗೊರಸಿಗೆ ಕಲ್ಲೊತ್ತಿತ್ತೆಂದು ಮರುದಿನ ಪಶುವೈದ್ಯರು ಹೇಳಿದರು.

ನಾನು ಮರಳಿದ ಮೇಲೆ, ಅದೇ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸಾಜ್‌ನಲ್ಲಿ ಭಾರತ ತಂಡಕ್ಕೆ ಸ್ವರ್ಣ ಬಂತು. ಕುದುರೆ ಸವಾರಿಯಲ್ಲಿ 1982ರ ನಂತರ ಅದೇ ಮೊದಲು. ತಂಡದಲ್ಲಿ ನಮ್ಮ ಮುಂಬಯಿಯ ಹೃದಯ್ ಛೇಡಾ ಕೂಡ ಇದ್ದರು. ಸಂಭ್ರಮದಿಂದ ಫೋನ್ ಮಾಡಿ ನಾಲ್ವರ ಹೆಸರೂ ಓದಿ ಹೇಳಿದೆ.

"ಕುದುರೆಗಳ ಹೆಸರೇನು, ಚಿಕ್ಕಜ್ಜಿ?" ಎಂದಳು.

ಫೋನ್ ಹಿಡಿದುಕೊಂಡೇ ಪೇಪರನ್ನು ಮತ್ತೊಮ್ಮೆ ಹುಡುಕತೊಡಗಿದೆ.