ಅಟ್ಟದಲ್ಲಿ ಎಣ್ಣೆ, ಹೊಂಡದಲ್ಲಿ ನೀರು

2025ರ ಮೇ 7ರ ಸಂಜೆ ಬೆಂಗಳೂರಿನ ಹಲಸೂರಿನಲ್ಲಿ ಸೈರನ್ ಮೊಳಗಿತು. ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಿಗೆಂದು ಕೇಂದ್ರ ಹಮ್ಮಿಕೊಂಡ ‘ಆಪರೇಷನ್ ಅಭ್ಯಾಸ್’ ಎಂಬ ಯುದ್ಧಕಾಲದ ಅಣಕು ಕವಾಯತು ಅದು. ಕರ್ನಾಟಕದ ಪಾಲಿಗೆ ಬಂದದ್ದು ಮೂರು ಊರು: ಬೆಂಗಳೂರು, ಕಾರವಾರ, ರಾಯಚೂರು. ಒಂದು ರಾಜಧಾನಿ, ಇನ್ನೊಂದರಲ್ಲಿ ನೌಕಾನೆಲೆ, ಮತ್ತೊಂದರಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ. ಶತ್ರು ಕಣ್ಣಿಡುವ ಜಾಗಗಳೇ. ತಿಪಟೂರು ಆ ಪಟ್ಟಿಯಲ್ಲಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಕೊಬ್ಬರಿ ಮಂಡಿಗೆ ಬಾಂಬು ಹಾಕಲು ಯಾರೂ ವಿಮಾನ ಕಳಿಸುವುದಿಲ್ಲ.

ಹಾಗಿದ್ದರೂ ಯುದ್ಧಕಾಲದ ಮಹಾನಗರಗಳು ಬೆಂಕಿಯಿಂದ ಪೆಟ್ಟು ತಿಂದು ಕಲಿತ ಪಾಠಗಳಲ್ಲಿ ಹಲವು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಮನೆಗಳಿಗೆ ನೇರವಾಗಿ ಸಲ್ಲುತ್ತವೆ.

ಅಟ್ಟ ಖಾಲಿ ಮಾಡಿ!

ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಿದ್ದದ್ದು ಬರೀ ಸಿಡಿಯುವ ಬಾಂಬಲ್ಲ. ಒಂದೊಂದು ಕಿಲೋ ತೂಕದ, ಮೆಗ್ನೀಸಿಯಂ ಮಿಶ್ರಲೋಹದ ಬೆಂಕಿಬಾಂಬುಗಳು ಸಾವಿರಗಟ್ಟಲೆ ಉದುರುತ್ತಿದ್ದವು. ಅವು ಹೆಂಚು ಒಡೆದು ಮಾಳಿಗೆಯಲ್ಲಿ ಕೂತು ಉರಿಯುತ್ತಿದ್ದವು. ಅದಕ್ಕೇ ಅಲ್ಲಿನ ಸರ್ಕಾರ ಮನೆಮನೆಗೆ ಹೇಳಿದ ಮಾತುಗಳಲ್ಲೊಂದು, ಅಟ್ಟದ ಮೇಲಿನ ಹಳೇ ಸಾಮಾನು ಕೆಳಗಿಳಿಸಿ ಎಂಬುದು.

ನಮ್ಮ ಸೀಮೆಯಲ್ಲಿ ಈ ಸಲಹೆ ನಡೆಯುವುದಿಲ್ಲ. ಇಲ್ಲಿ ಅಟ್ಟವೇ ಬ್ಯಾಂಕು. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಹೆಸರು ನಿಂತಿರುವುದೇ ಅದರ ಮೇಲೆ. ಚೆನ್ನಾಗಿ ಒಣಗಿದ ಕೊಬ್ಬರಿಯ ತೂಕದಲ್ಲಿ ನೂರಕ್ಕೆ ಸುಮಾರು 65 ಪಾಲು ಎಣ್ಣೆ. ಅದರ ಸುತ್ತ ಒಣ ಮಟ್ಟೆ, ನಾರು, ಚಿಪ್ಪು. ಬೆಲೆ ಏರಲಿ ಎಂದು ಕಾದಷ್ಟು ದಿನವೂ ಅದು ಅಲ್ಲೇ ಇರುತ್ತದೆ. ಹಳೇ ಮನೆಗಳಲ್ಲಂತೂ ಕೆಳಗೆ ಜನ, ಪಕ್ಕದಲ್ಲಿ ದನ, ತಲೆಯ ಮೇಲೆ ವರ್ಷದ ದುಡಿಮೆ.

ಅಪಾಯಕಾರಿ ಸರಕುಗಳ ಸಾಗಣೆಗೆ ವಿಶ್ವಸಂಸ್ಥೆ ಮಾಡಿರುವ ಪಟ್ಟಿಯಲ್ಲಿ ಕೊಬ್ಬರಿಗೂ ಒಂದು ಸಂಖ್ಯೆಯಿದೆ: 1363. ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ವರ್ಗ ಅದು. ತೇವ ಉಳಿದ ಕೊಬ್ಬರಿಯನ್ನು ಗಾಳಿಯಾಡದಂತೆ ರಾಶಿ ಹಾಕಿದರೆ ಬೂಷ್ಟು ಹಿಡಿದು ಒಳಗೇ ಬಿಸಿಯಾಗುತ್ತದೆ. ಹಡಗಿನವರಿಗೆ ಇದು ಗೊತ್ತು. ಬೆಳೆಯುವ ನಾವು ಅದನ್ನು ಗುಣಮಟ್ಟದ ಪ್ರಶ್ನೆ ಎಂದಷ್ಟೇ ನೋಡುತ್ತೇವೆ.

ಹೊಗೆ ಕಂಡಿತು, ಬೆಂಕಿ ಕಾಣಲಿಲ್ಲ

1944ರ ಏಪ್ರಿಲ್ 14. ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಹಡಗಿನ ಹೊಟ್ಟೆಯಲ್ಲಿ ಸುಮಾರು 1,400 ಟನ್ ಸ್ಫೋಟಕ. ಅದರ ಜತೆಗೇ ಕರಾಚಿಯಲ್ಲಿ ತುಂಬಿಕೊಂಡ ಹತ್ತಿಯ ಬೇಲುಗಳು. ಮಧ್ಯಾಹ್ನ ಹೊಗೆ ಕಂಡಿತು. ಪಂಪುಗಳು ಬಂದವು, ನೂರಾರು ಟನ್ ನೀರು ಸುರಿದರು. ಬೆಂಕಿಯ ಮೂಲ ಮಾತ್ರ ಸಿಗಲಿಲ್ಲ, ಅದು ಬೇಲುಗಳ ಒಳಗೆ ಕುಮುಲುತ್ತಿತ್ತು. ನಾಲ್ಕು ಗಂಟೆ ದಾಟುತ್ತಲೇ ಹಡಗು ಸಿಡಿಯಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ಸ್ಫೋಟ. 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಇಂದಿಗೂ ಏಪ್ರಿಲ್ 14ರಿಂದ ಒಂದು ವಾರ ದೇಶದ ಠಾಣೆಗಳು ಅಗ್ನಿಶಾಮಕ ಸೇವಾ ಸಪ್ತಾಹ ಆಚರಿಸುವುದು ಅವರ ನೆನಪಿಗೆ.

ಹತ್ತಿಯ ಬೇಲಿನ ಆ ಗುಣ ಮಟ್ಟೆಯ ರಾಶಿಗೂ ಇದೆ, ನಾರಿನ ಪುಡಿಗಂತೂ ಇನ್ನೂ ಹೆಚ್ಚು. ನಾರು ಕಾರ್ಖಾನೆಯ ಹಿಂದೆ ಗುಡ್ಡೆ ಬಿದ್ದ ಪುಡಿಯ ಮೇಲೆ ನೀರು ಹೊಡೆದರೆ ಮೇಲ್ಪದರ ಹೀರಿಕೊಳ್ಳುತ್ತದೆ, ಒಳಗಿನ ಕೆಂಡ ಹಾಗೇ ಇರುತ್ತದೆ. ಆರಿತೆಂದು ಮನೆಗೆ ಹೋದರೆ ರಾತ್ರಿ ಗಾಳಿಗೆ ಮತ್ತೆ ಏಳುತ್ತದೆ. ರಾಶಿಯನ್ನು ಜೆಸಿಬಿಯಿಂದ ಬಗೆದು, ಹರಡಿ, ಪದರ ಪದರವಾಗಿ ನೆನೆಸಬೇಕು. ಸಪ್ತಾಹ ಬರುವುದೂ ಬೇಸಿಗೆಯಲ್ಲೇ, ತೋಟದಲ್ಲಿ ಉದುರಿದ ಗರಿಗಳು ಗರಿಗರಿ ಒಣಗಿರುವ ಕಾಲ. ಸಿಲಿಂಡರ್ ಬೆಂಕಿ ನಂದಿಸುವ ಪ್ರಾತ್ಯಕ್ಷಿಕೆ ಶಾಲೆ ಅಂಗಳಕ್ಕೆ ಒಪ್ಪುತ್ತದೆ. ಈ ಮೂರು ತಾಲ್ಲೂಕುಗಳಲ್ಲಿ ಅದರ ಜತೆಗೆ ಮಟ್ಟೆ ರಾಶಿಯನ್ನೂ ಒಂದು ಸಲ ಬಗೆದು ತೋರಿಸಬೇಕು.

ಏಣಿ ಬೆಂಗಳೂರಿನದು

ಕರ್ನಾಟಕದ ಅಗ್ನಿಶಾಮಕ ದಳ 1964ರ ಕಾಯ್ದೆಯ ಆಧಾರದಲ್ಲಿ ಸ್ವತಂತ್ರ ಇಲಾಖೆಯಾಯಿತು. ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ಅದರ ತರಬೇತಿ. ರಾಜಧಾನಿಗೆ ಈಗ 90 ಮೀಟರ್ ಏರುವ ಏಣಿಯ ವಾಹನವೂ ಬಂದಿದೆ. 2010ರಲ್ಲಿ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ ಒಂಬತ್ತು ಜನ ಸತ್ತದ್ದನ್ನು ನೋಡಿದ ನಗರಕ್ಕೆ ಅದು ಬೇಕು. ತೆಂಗಿನ ಸೀಮೆಗೆ ಬೇಕಾದದ್ದು ಎತ್ತರವಲ್ಲ, ವಾಹನ ಬರುವವರೆಗಿನ ಹೊತ್ತನ್ನು ತುಂಬುವ ದಾರಿ. ಲಂಡನ್ನಿನಲ್ಲಿ ಆ ಹೊತ್ತನ್ನು ತುಂಬಿದ್ದು ಬಕೆಟ್ಟಿನಲ್ಲಿ ಇಳಿಬಿಟ್ಟು, ಹೊರಗಿನ ಮೆಟ್ಟನ್ನು ಕಾಲಲ್ಲಿ ಅದುಮಿ ಹಿಡಿದು ಒತ್ತುವ ಪುಟ್ಟ ಕೈಪಂಪು, ಸ್ಟಿರಪ್ ಪಂಪ್. ಒಬ್ಬರು ಒತ್ತಲು, ಒಬ್ಬರು ಕೊಳವೆ ಹಿಡಿಯಲು, ಇನ್ನೊಬ್ಬರು ನೀರು ತರಲು: ಮನೆಯವರೇ ಮೂವರು.

ಮೊದಲು ಹೋಗುವುದು ನೀರು

1940ರ ಡಿಸೆಂಬರ್ 29ರ ಭಾನುವಾರ ರಾತ್ರಿ ಲಂಡನ್ನಿನ ಹಳೇ ಪೇಟೆ ಉರಿದದ್ದು ಪಂಪುಗಳಿಲ್ಲದೆ ಅಲ್ಲ. ಬಾಂಬಿಗೆ ನೀರಿನ ಕೊಳವೆಗಳು ಒಡೆದಿದ್ದವು, ಥೇಮ್ಸ್ ನದಿಯಲ್ಲಿ ಇಳಿತದ ಹೊತ್ತು. ಆಮೇಲೆ ಬೀದಿಬೀದಿಗೆ ಉಕ್ಕಿನ ತೊಟ್ಟಿಗಳು ಬಂದವು, ಕೆಲವು 5,000 ಗ್ಯಾಲನ್ನಿನವು.

ನಮ್ಮಲ್ಲಿ ನೀರು ನಿಲ್ಲಲು ಬಾಂಬು ಬೇಡ. ಬೆಂಕಿ ಬಿದ್ದ ಮನೆಯಲ್ಲಿ ಮೊದಲು ತೆಗೆಯಬೇಕಾದದ್ದು ಕರೆಂಟು, ತೆಗೆದೊಡನೆ ಬೋರ್‌ವೆಲ್ ಮೋಟರೂ ನಿಲ್ಲಬಹುದು. ಮೊದಲೇ ತ್ರೀಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ. ಮಲ್ಲಾಘಟ್ಟ ಕೆರೆ, ಬೋರನಕಣಿವೆ ಜಲಾಶಯ ತುಂಬಿದ್ದರೂ ತೋಟದ ಶೆಡ್ಡಿಗೆ ಅದು ದೂರದ ನೀರೇ. ಅಗ್ನಿಶಾಮಕ ವಾಹನ ಹೊತ್ತು ತರುವುದು ಸುಮಾರು 4,500 ಲೀಟರ್. ನಿಮಿಷಕ್ಕೆ 450 ಲೀಟರ್ ಹರಿಸಿದರೆ ಹತ್ತೇ ನಿಮಿಷ.

ಹಾಗಾಗಿ ಅಟ್ಟಕ್ಕಿಂತ ಎತ್ತರದಲ್ಲಿ ಕೂರಿಸಿದ ಟ್ಯಾಂಕು, ಅದಕ್ಕೆ ಅಗಲ ಬಾಯಿಯ ವಾಲ್ವು, ಒಂದು ಡೀಸೆಲ್ ಪಂಪು ಇದ್ದರೆ ಕರೆಂಟಿನ ಹಂಗಿಲ್ಲ. ಮೆಯ್ನ್ ಸ್ವಿಚ್ಚು ಅಟ್ಟದ ಹೊರಗಿರಲಿ. ಕೃಷಿ ಹೊಂಡವಿದ್ದವರಿಗೆ ಇನ್ನೂ ಅನುಕೂಲ: ಅಗ್ನಿಶಾಮಕ ವಾಹನ ದಡದವರೆಗೆ ಬಂದರೆ ಹೀರುಕೊಳವೆ ಇಳಿಬಿಟ್ಟು ಅಲ್ಲಿಂದಲೇ ನೀರೆತ್ತಬಲ್ಲದು. ಕೊಬ್ಬರಿ ತುಂಬಲು ಬರುವ ಲಾರಿಗೆ ಶೆಡ್ಡಿನವರೆಗೆ ದಾರಿ ಬಿಟ್ಟಿರುತ್ತೇವೆ. ಹೊಂಡದ ಕಡೆಗೂ ಅಷ್ಟೇ ಅಗಲದ ದಾರಿ ಬೇಕು, ನಡುವೆ ಬಾಳೆ ನೆಡದೆ.