ಹಾರುವ ಮೊದಲು ಬೀಳಲು ಕಲಿಯಲಿ

ಗೋಡೆ ಹತ್ತಿ, ಕಟ್ಟೆ ದಾಟಿ, ಮಾಳಿಗೆಯಿಂದ ಮಾಳಿಗೆಗೆ ಜಿಗಿಯುವ ಪಾರ್ಕೂರ್ ಫ್ರಾನ್ಸಿನ ಕೂಸು. ಸೈನಿಕರ ಅಡೆತಡೆ ಓಟದ ತರಬೇತಿಯಿಂದ ಪ್ರೇರಣೆ ಪಡೆದು ಡೇವಿಡ್ ಬೆಲ್ ಮತ್ತು ಗೆಳೆಯರು ಅದನ್ನು ರೂಪಿಸಿದರು. 2017ರಲ್ಲಿ ಬ್ರಿಟನ್ ಅದನ್ನು ಕ್ರೀಡೆಯೆಂದು ಒಪ್ಪಿತು. 2022ರಲ್ಲಿ ಟೋಕಿಯೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಜಮಖಂಡಿ, ಮುಧೋಳ, ಬೀಳಗಿಯಂಥ ಊರುಗಳಿಗೆ ಅದು ಬರುವುದು ಮೊಬೈಲಿನ ಅರ್ಧ ನಿಮಿಷದ ರೀಲ್ಸ್ ಆಗಿ. ಅದರಲ್ಲಿ ಜಿಗಿತ ಕಾಣುತ್ತದೆ, ಜಿಗಿತದ ಹಿಂದಿನ ವರ್ಷಗಟ್ಟಲೆಯ ಸಾಮು ಕಾಣುವುದಿಲ್ಲ. ಅಪಾಯ ಜಿಗಿತಕ್ಕಿಂತ ಹೆಚ್ಚಾಗಿ ಈ ಕಾಣದ ಭಾಗದಲ್ಲಿದೆ.

ಸಣ್ಣ ಎತ್ತರ ಎಂದು ಹಗುರಾಗಿ ಕಾಣುವಂತಿಲ್ಲ. ಒಂದು ಮೀಟರ್ ಎತ್ತರದಿಂದ ಹಾರಿದವನು ಗಂಟೆಗೆ ಸುಮಾರು 16 ಕಿ.ಮೀ. ವೇಗದಲ್ಲಿ ನೆಲ ಮುಟ್ಟುತ್ತಾನೆ; ಮೂರು ಮೀಟರಿನ ಮಾಳಿಗೆಯಾದರೆ ಅದು 27 ಕಿ.ಮೀ. ದಾಟುತ್ತದೆ. ಮೊಣಕಾಲು ಸೆಟೆಸಿ ಹಿಮ್ಮಡಿಯ ಮೇಲೆ ಇಳಿದರೆ ಅಷ್ಟೂ ವೇಗ ಕೆಲವೇ ಸೆಂಟಿಮೀಟರಿನಲ್ಲಿ ನಿಲ್ಲಬೇಕು, ಪೆಟ್ಟೆಲ್ಲ ಎಲುಬಿಗೆ. ಮುಂಗಾಲ ಮೇಲೆ ಇಳಿದು, ಮೊಣಕಾಲು-ಸೊಂಟ ಬಾಗಿಸಿ, ಒಂದು ಭುಜದಿಂದ ಓರೆಯಾಗಿ ಉರುಳಿದರೆ ಆ ಪೆಟ್ಟು ಹಂಚಿಹೋಗುತ್ತದೆ. 2013ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಅಧ್ಯಯನವೊಂದರಲ್ಲಿ, 75 ಸೆಂ.ಮೀ. ಎತ್ತರದಿಂದ ಸಾಮಾನ್ಯ ರೀತಿಯಲ್ಲಿ ಇಳಿದಾಗ ದೇಹತೂಕದ ಸುಮಾರು 5 ಪಟ್ಟು ಬಲ ಬಿದ್ದರೆ, ಪಾರ್ಕೂರ್ ಪಟ್ಟುಗಳಲ್ಲಿ ಅದು ಸುಮಾರು 3 ಪಟ್ಟಿಗೆ ಇಳಿದಿತ್ತು. ಪಾರ್ಕೂರ್ ಗಾಯಗಳ ಬಗೆಗಿನ ಜರ್ಮನಿಯ ಸಮೀಕ್ಷೆಯೊಂದರಲ್ಲಿ ಹೆಚ್ಚಿನವು ತರಚು ಗಾಯಗಳೇ. ಆದರೆ ಅರ್ಧಕ್ಕಿಂತ ಹೆಚ್ಚು ಗಾಯಗಳಾದದ್ದು ನೆಲಕ್ಕಿಳಿಯುವ ಹೊತ್ತಿನಲ್ಲಿ. ತನ್ನ ಶಕ್ತಿಯನ್ನು ತಾನೇ ಹೆಚ್ಚು ಅಂದಾಜಿಸಿದ್ದು ಇನ್ನೊಂದು ಮುಖ್ಯ ಕಾರಣ.

ಈ ಎರಡೂ ದೋಷಗಳಿಗೆ ಮದ್ದು ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ಗರಡಿಮನೆಯ ಕೆಂಪು ಮಣ್ಣನ್ನು ಅಗೆದು, ಎಣ್ಣೆ-ಮಜ್ಜಿಗೆ-ಅರಿಶಿನ ಬೆರೆಸಿ ಹದ ಮಾಡುವುದು ಬರೀ ಆಚಾರವಲ್ಲ. ಬಿದ್ದ ಮೈಯ ವೇಗವನ್ನು ಆ ಸಡಿಲ ಮಣ್ಣು ಮೆಲ್ಲಗೆ ಹೀರುತ್ತದೆ. ದಂಡ, ಬೈಠಕ್‌ಗಳಲ್ಲಿ ತೊಡೆ, ಭುಜ ಗಟ್ಟಿಯಾದ ಮೇಲಷ್ಟೇ ಉಸ್ತಾದರು ಪಟ್ಟು ಹೇಳಿಕೊಡುತ್ತಾರೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ಉಳಿದು ಬಂದ ಮಲ್ಲಕಂಬದಲ್ಲೂ ಕಂಬದ ತುದಿ ಮೊದಲ ಪಾಠವಲ್ಲ. ಹನ್ನೆರಡನೆಯ ಶತಮಾನದಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಿ ಅವರ ಸಾಮು, ಆಹಾರಗಳನ್ನು ವಿವರಿಸಿತ್ತು. ಯಾರು ಯಾವಾಗ ಏನು ಮಾಡಬೇಕು ಎಂಬ ಕ್ರಮವೇ ಸುರಕ್ಷತೆ. ಮೆತ್ತನೆಯ ಹಾಸು ಆಮೇಲಿನ ಮಾತು.

ಗರಡಿಯಲ್ಲೇನು ಯಾರೂ ಗಾಯಗೊಳ್ಳುವುದಿಲ್ಲವೇ ಎಂದು ಕೇಳಬಹುದು. ಗಾಯಗೊಳ್ಳುತ್ತಾರೆ. ಕಿವಿ ಊದಿ ಗಂಟಾಗುತ್ತದೆ, ಮೊಣಕಾಲು ತಿರುಚುತ್ತದೆ, ಕುತ್ತಿಗೆಗೂ ಪೆಟ್ಟಾಗುತ್ತದೆ. ಆದರೆ ಅಲ್ಲಿ ‘ಸಾಕು, ಇಳಿ’ ಎನ್ನುವ ಹಿರಿಯನಿರುತ್ತಾನೆ. ರೀಲ್ಸ್ ತೆಗೆಯುವ ಗೆಳೆಯ ‘ಇನ್ನೊಮ್ಮೆ’ ಎನ್ನುತ್ತಾನೆ. ಹಾಗಾದರೆ ನಿಷೇಧಿಸಿಬಿಡಿ ಎನ್ನುವವರಿಗೂ ಒಂದು ಮಾತು: ನಿಷೇಧಿಸಿದರೆ ಹುಡುಗರು ಅರ್ಧ ಕಟ್ಟಿದ ಮನೆಯ ಮಾಳಿಗೆಗೆ ಹೋಗುತ್ತಾರೆ, ಸಲಾಕೆಗಳು ಚಾಚಿಕೊಂಡಿರುವಲ್ಲಿಗೆ, ನೋಡುವವರಿಲ್ಲದ ಹೊತ್ತಿಗೆ. ಅದಕ್ಕಿಂತ ಶಾಲಾ ಮೈದಾನದ ಉದ್ದಜಿಗಿತದ ಮರಳಗುಂಡಿ ಎಷ್ಟೋ ವಾಸಿ. ದೈಹಿಕ ಶಿಕ್ಷಕರು ಮೊದಲ ಕೆಲವು ತಿಂಗಳು ಅಲ್ಲಿ ಇಳಿಯುವುದು, ಉರುಳುವುದನ್ನಷ್ಟೇ ಕಲಿಸಲಿ. ಸೊಂಟದೆತ್ತರ ದಾಟುವ ಜಿಗಿತ ಆಮೇಲೆ.

ಇಷ್ಟಾದರೂ ಯಾರಾದರೂ ಬಿದ್ದಾರು; ಆಗ ಪೆಟ್ಟನ್ನು ಕಡೆಗಣಿಸುವಂತಿಲ್ಲ. ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಮುರಿದ ಮಣಿಕಟ್ಟು ಎಂದರೆ ಮಗ್ಗದ ಮುಂದಿನ ದುಡಿಮೆಯೂ ನಿಂತ ಹಾಗೆ. ಕೈಯೂರಿ ಬಿದ್ದಾಗ ಹೆಬ್ಬೆರಳ ಬುಡದ ಸಣ್ಣ ಎಲುಬು ಬಿರಿದರೆ ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು. ನೋವು ಉಳಿದರೆ ಮತ್ತೆ ತೋರಿಸಬೇಕು. ನಾಟಿ ಕಟ್ಟು ಬಿಗಿಯಾಗಿ ಬೆರಳು ಜೋಮು ಹಿಡಿದರೆ, ಬಣ್ಣ ಕಪ್ಪಿಟ್ಟರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಬಿದ್ದವನು ಕುತ್ತಿಗೆ ನೋವೆಂದರೆ, ಕೈಕಾಲಿಗೆ ಸ್ಪರ್ಶ ತಿಳಿಯದಿದ್ದರೆ, ನೀರು ಕುಡಿಸಲೆಂದು ಎಬ್ಬಿಸಿ ಕೂರಿಸಬೇಡಿ. ತಲೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ.